ಮರುಜೋಡಣೆಯಾದ ಮೋಟಾರು ಇಂಜಿನಿನಲ್ಲಿ ಎಣ್ಣೆ ಸೋರುವುದು: ಕಾರಣವನ್ನು ಗೊತ್ತುಮಾಡುವ ಕ್ರಮವೂ ಪರಿಹಾರವೂ

ಮೋಟಾರು ಗಾಡಿಯ ಇಂಜಿನನ್ನು ಪೂರ್ತಿಯಾಗಿ ಬಿಚ್ಚಿ, ಸಿಲಿಂಡರುಗಳನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಬೇರಿಂಗುಗಳನ್ನು ಹಾಕಿ ಮರಳಿ ಜೋಡಿಸಿದ ಕೆಲವೇ ದಿನಗಳಲ್ಲಿ, ಗಾಡಿಯು ನಿಂತ ನೆಲದ ಮೇಲೆ ಎಣ್ಣೆಯ ಕಲೆಯು ಕಾಣಿಸಿಕೊಳ್ಳುವುದುಂಟು. ಬಹಳ ಹಣವನ್ನು ವೆಚ್ಚಮಾಡಿ ರಿಪೇರಿ ಮಾಡಿಸಿದ ಯಜಮಾನರಿಗೆ ಇದರಿಂದ ವ್ಯಸನವಾಗುವುದು ಸಹಜ. ಅವರು ಗಾಡಿಯನ್ನು ಮೇಸ್ತ್ರಿಯ ಬಳಿಗೆ ಕೊಂಡೊಯ್ದರೆ, ಅವನು ಕೆಳಗೆ ಬಗ್ಗಿ ನೋಡಿ, "ಹಿಂದಿನ ಆಯಿಲ್ ಸೀಲ್ ಹೋಗಿದೆ, ಇಂಜಿನನ್ನು ಮತ್ತೆ ಇಳಿಸಬೇಕು" ಎಂದು ಹೇಳುವುದೂ ಸಾಮಾನ್ಯ. ಈ ಒಂದು ಮಾತಿಗೆ ಒಪ್ಪುವುದರಿಂದ ಎಷ್ಟೋ ಗಾಡಿಗಳು ಸುಗ್ಗಿಯ ಕಾಲದಲ್ಲಿ ವಾರಗಟ್ಟಲೆ ಷೆಡ್ಡಿನಲ್ಲಿ ನಿಲ್ಲುತ್ತವೆ. ಇಳಿಸಿ ಏರಿಸಿದ ಮೇಲೂ ಎಣ್ಣೆಯು ಮೊದಲಿನಂತೆಯೇ ತೊಟ್ಟಿಕ್ಕುತ್ತಿರುತ್ತದೆ. ಏತಕ್ಕೆಂದರೆ, ಎಣ್ಣೆಯು ಬೀಳುವ ಸ್ಥಳವೇ ಬೇರೆ, ಅದು ಹೊರಡುವ ಸ್ಥಳವೇ ಬೇರೆ.

ಈ ಲೇಖನದಲ್ಲಿ ನಮ್ಮ ಗ್ರಾಮಗಳಲ್ಲಿ ಈಗಲೂ ಅಲ್ಲಲ್ಲಿ ಉಳಿದಿರುವ ಅಂಬಾಸಡರ್ ಗಾಡಿಯ ೧೪೮೯ ಸಿ.ಸಿ. ಪೆಟ್ರೋಲ್ ಇಂಜಿನನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ಈ ಗಾಡಿಯ ತಯಾರಿಕೆಯು ೨೦೧೪ ರಲ್ಲಿ ನಿಂತುಹೋದಾಗ್ಯೂ, ಹಳೆಯ ಗಾಡಿಗಳನ್ನು ಇಟ್ಟುಕೊಂಡವರು ಅವುಗಳ ಇಂಜಿನುಗಳನ್ನು ಬೋರ್ ಮಾಡಿಸಿ ಓಡಿಸುವುದನ್ನು ಬಿಟ್ಟಿಲ್ಲ. ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ಜೀಪಿಗೂ, ಟ್ರಾಕ್ಟರಿಗೂ, ಬಾವಿಯ ದಂಡೆಯ ಡೀಸೆಲ್ ಪಂಪಿಗೂ ಸಮನಾಗಿ ಅನ್ವಯಿಸುತ್ತವೆ. ಟ್ರಾಕ್ಟರಿನ ವಿಷಯದಲ್ಲಿ ಇವು ಇನ್ನೂ ಮುಖ್ಯ. ಹಿಂದಿನ ಸೀಲನ್ನು ಬದಲಾಯಿಸಬೇಕಾದರೆ ಟ್ರಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುವುದರಿಂದ, ಸುಮ್ಮನೆ ಸಂದೇಹದ ಮೇಲೆ ಮಾಡಿಸತಕ್ಕ ಕೆಲಸವಲ್ಲ.

ಸೋರಿಕೆಯನ್ನು ಅಲಕ್ಷ್ಯ ಮಾಡಿದರೆ ಆಗುವ ಹಾನಿ

ಹತ್ತು ಸೆಕೆಂಡಿಗೆ ಒಂದು ಹನಿಯಂತೆ ಎಣ್ಣೆ ಬೀಳುತ್ತಿದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ ೩೬೦ ಹನಿಗಳಾದವು. ೨೫ ಹನಿಗೆ ೧ ಮಿಲಿಲೀಟರ್ ಎಂದು ಎಣಿಸಿದರೆ ಗಂಟೆಗೆ ೧೪ ಮಿಲಿಲೀಟರಿಗಿಂತ ತುಸು ಹೆಚ್ಚು. ಗಾಡಿಯು ದಿನಕ್ಕೆ ೫ ಗಂಟೆ ಓಡಿದರೆ ೧೪ ದಿನಗಳಲ್ಲಿ ೧ ಲೀಟರ್ ಎಣ್ಣೆಯು ರಸ್ತೆಯ ಪಾಲಾಗುತ್ತದೆ. ಈ ಇಂಜಿನಿನ ಚೇಂಬರು ಹಿಡಿಯುವುದು ಸುಮಾರು ೪ ಲೀಟರ್ ಮಾತ್ರ. ಅಂದರೆ ಅಲ್ಪವೆಂದು ತೋರುವ ಸೋರಿಕೆಯು ಎರಡು ವಾರಗಳಲ್ಲಿ ಕಾಲುಭಾಗವನ್ನು ತೆಗೆದುಬಿಡುತ್ತದೆ. ಅಳತೆಯ ಕಡ್ಡಿಯನ್ನು ನೋಡದೆ ಓಡಿಸುವವನಿಗೆ ಇದು ತಿಳಿಯುವುದೇ ಇಲ್ಲ. ಎಣ್ಣೆಯ ಒತ್ತಡವನ್ನು ತೋರಿಸುವ ಕೆಂಪು ದೀಪವು ಉರಿಯುವುದು ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯಲಾರಂಭಿಸಿದ ಮೇಲೆ. ಅಷ್ಟರಲ್ಲಿ ಹೊಸ ಬೇರಿಂಗುಗಳು ಸವೆದು, ಕ್ರ್ಯಾಂಕ್ ಶಾಫ್ಟಿನ ಮೇಲೆ ಗೆರೆಗಳು ಬಿದ್ದಿರಬಹುದು. ಬೋರಿಂಗಿಗೆ ಹಾಕಿದ ಹಣವೆಲ್ಲಾ ವ್ಯರ್ಥವಾದಂತೆಯೇ.

ಇದಲ್ಲದೆ, ಹಿಂಭಾಗದಲ್ಲಿ ಸೋರುವ ಎಣ್ಣೆಯು ಕ್ಲಚ್ ಪ್ಲೇಟಿಗೆ ಸಿಡಿದು ಅದು ಜಾರುವಂತೆ ಮಾಡುತ್ತದೆ. ಪಕ್ಕದಲ್ಲಿ ಸೋರುವ ಎಣ್ಣೆಯು ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಮೊದಲು ವಾಸನೆಯೂ, ಆಮೇಲೆ ಹೊಗೆಯೂ, ದುರದೃಷ್ಟವಿದ್ದರೆ ಬೆಂಕಿಯೂ ಉಂಟಾಗಬಹುದು. ಪಂಪಿನ ಇಂಜಿನಿನಿಂದ ಸೋರಿದ ಎಣ್ಣೆಯು ಮಳೆಯ ನೀರಿನೊಡನೆ ಕುಡಿಯುವ ನೀರಿನ ಬಾವಿಗೆ ಇಳಿಯುವುದು ಇಡೀ ಊರಿಗೆ ಸಂಬಂಧಿಸಿದ ವಿಷಯವಾದುದರಿಂದ, ಗ್ರಾಮದ ಮುಖಂಡರು ಅದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮೊದಲು ತಿಳಿಯತಕ್ಕ ಸಂಗತಿಗಳು

ಬೀಳುತ್ತಿರುವುದು ಇಂಜಿನಿನ ಎಣ್ಣೆಯೇ ಹೌದೇ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಬಹುಕಾಲ ಓಡಿದ ಇಂಜಿನಿನಲ್ಲಿ ಎಣ್ಣೆಯು ಕಪ್ಪಾಗಿರುವುದರಿಂದ ಗುರುತಿಸುವುದು ಸುಲಭ. ಹೊಸದಾಗಿ ಜೋಡಿಸಿದ ಇಂಜಿನಿನಲ್ಲಾದರೋ ಎಣ್ಣೆಯು ಜೇನಿನ ಬಣ್ಣದ್ದಾಗಿದ್ದು, ಗೇರ್ ಪೆಟ್ಟಿಗೆಯ ಎಣ್ಣೆಯಂತೆಯೇ ಕಾಣುತ್ತದೆ. ಗೇರಿಗೆಂದು ಮಾರುವ ಮಂದವಾದ ೯೦ ನಂಬರಿನ ಎಣ್ಣೆಗೆ ಸಾಮಾನ್ಯವಾಗಿ ಗಂಧಕದ ದುರ್ವಾಸನೆಯಿರುತ್ತದೆ. ಬೆರಳಿಗೆ ಹಚ್ಚಿ ಮೂಸಿದರೆ ಗೊತ್ತಾಗುವುದು. ಆದರೆ ಕೆಲವರು ಗೇರ್ ಪೆಟ್ಟಿಗೆಗೂ ಇಂಜಿನ್ ಎಣ್ಣೆಯನ್ನೇ ಹಾಕಿರುತ್ತಾರೆ. ಅಂಥಲ್ಲಿ ಮೂಗು ಸಹಾಯಕ್ಕೆ ಬಾರದು. ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ ಎರಡರ ಮಟ್ಟವನ್ನೂ ಗುರುತುಹಾಕಿಕೊಂಡು, ಕೆಲವು ದಿನ ಓಡಿಸಿ, ಯಾವುದು ಇಳಿದಿದೆಯೆಂದು ನೋಡಬೇಕು. ಈ ಸಣ್ಣ ಕೆಲಸಕ್ಕೆ ಕಾಸು ಖರ್ಚಿಲ್ಲ. ಅದಾಗ್ಯೂ ಇದನ್ನು ಮಾಡುವವರು ವಿರಳ.

ಕಡ್ಡಿಯ ಮೇಲೆ ಎಣ್ಣೆಯು ಇಳಿಯುತ್ತಿದ್ದು, ನೆಲದ ಮೇಲೆ ಅದಕ್ಕೆ ತಕ್ಕಷ್ಟು ಕಲೆಯಿಲ್ಲದಿದ್ದರೆ, ಅದು ಸೋರುತ್ತಿಲ್ಲ, ಉರಿಯುತ್ತಿದೆ. ಹೊಗೆಕೊಳವೆಯಿಂದ ಬರುವ ನೀಲಿಛಾಯೆಯ ಹೊಗೆಯು ಇದಕ್ಕೆ ಸಾಕ್ಷಿ. ಹೊಸ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಎಣ್ಣೆಯು ಉರಿಯುವುದು ಸ್ವಾಭಾವಿಕವಾದುದರಿಂದ, ಅದಕ್ಕಾಗಿ ಮೊದಲ ಕೆಲವು ನೂರು ಕಿಲೋಮೀಟರುಗಳೊಳಗೆ ಗಾಬರಿಪಡಬೇಕಾದುದಿಲ್ಲ.

ಎಣ್ಣೆಯನ್ನು ಅಳತೆ ಮೀರಿ ತುಂಬಿರುವುದೂ ಒಂದು ಕಾರಣ. ಬೇರೆ ಇಂಜಿನಿನ ಕಡ್ಡಿಯನ್ನು ಇದಕ್ಕೆ ಹಾಕಿರುವ ಸಂದರ್ಭಗಳು ಗುಜರಿ ಸಾಮಾನುಗಳಿಂದ ಜೋಡಿಸಿದ ಗಾಡಿಗಳಲ್ಲಿ ಅಪರೂಪವಲ್ಲ. ಸಂದೇಹವಿದ್ದರೆ ಚೇಂಬರನ್ನು ಪೂರ್ತಿಯಾಗಿ ಬರಿದುಮಾಡಿ, ತಯಾರಕರು ಹೇಳಿದ ಪರಿಮಾಣವನ್ನು ಅಳೆದು ಹಾಕಿ, ಕಡ್ಡಿಯು ಯಾವ ಗುರುತನ್ನು ತೋರಿಸುವುದೋ ನೋಡತಕ್ಕದ್ದು.

ಸೋರುವ ಸ್ಥಳವನ್ನು ಹುಡುಕುವ ಕ್ರಮ

ಎಣ್ಣೆಗೆ ಎರಡು ಸ್ವಭಾವಗಳುಂಟು: ಒಂದು ಕೆಳಕ್ಕೆ ಇಳಿಯುವುದು, ಎರಡನೆಯದು ಗಾಳಿಯೊಡನೆ ಹಿಂದಕ್ಕೆ ಹೋಗುವುದು. ಗಾಡಿಯು ಓಡುವಾಗ ಎದುರುಗಾಳಿಯೂ, ನಿಂತಿರುವಾಗ ಮುಂದಿನ ಫ್ಯಾನೂ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತವೆ. ಆದಕಾರಣ ಮೇಲಿನ ಮುಚ್ಚಳದ ಮುಂಭಾಗದಲ್ಲಿ ಹೊರಟ ಎಣ್ಣೆಯು ಇಂಜಿನಿನ ಪಕ್ಕದಲ್ಲಿ ಜಾರುತ್ತಾ ಹೋಗಿ, ಕಡೆಗೆ ಗೇರ್ ಪೆಟ್ಟಿಗೆಯು ಕೂಡುವ ಸ್ಥಳದಲ್ಲಿ ತೊಟ್ಟಿಕ್ಕುವುದು. ಹಿಂದಿನ ಸೀಲಿನ ಮೇಲೆ ಸುಳ್ಳು ಆಪಾದನೆ ಬರುವುದು ಹೀಗೆ. ಹುಡುಕುವವನು ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ ಜಾಡು ಹಿಡಿಯಬೇಕು. ಒದ್ದೆಯಾಗಿರುವ ಸ್ಥಳಗಳಲ್ಲಿ ಅತ್ಯಂತ ಎತ್ತರದ್ದೂ, ಅತ್ಯಂತ ಮುಂದಿನದೂ ಯಾವುದೋ ಅದೇ ಮೂಲವೆಂದು ಮೊದಲು ಸಂಶಯಿಸಬೇಕು.

ಕೊಳೆಯಾದ ಇಂಜಿನಿನ ಮೇಲೆ ಯಾವ ಪರೀಕ್ಷೆಯೂ ಸಾಗದು. ಇಂಜಿನು ಪೂರ್ತಿಯಾಗಿ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಕುಂಚದಿಂದ ಜಿಡ್ಡನ್ನೆಲ್ಲಾ ತೊಳೆದು, ಬಟ್ಟೆಯಿಂದ ಒರಸಿ, ಒಂದು ರಾತ್ರಿ ಒಣಗಲು ಬಿಡುವುದು. ಪೆಟ್ರೋಲಿನಿಂದ ತೊಳೆಯುವ ಅಭ್ಯಾಸವು ಅಪಾಯಕರ, ಅದನ್ನು ಮಾಡಕೂಡದು. ಒಣಗಿದ ಮೇಲೆ ಸಂಶಯವಿರುವ ಸಂದುಗಳಿಗೆ ಸೀಮೆಸುಣ್ಣದ ಪುಡಿಯನ್ನಾಗಲಿ, ಮುಖಕ್ಕೆ ಹಚ್ಚುವ ಪೌಡರನ್ನಾಗಲಿ ತೆಳ್ಳಗೆ ಉದುರಿಸಬೇಕು. ಅನಂತರ ಗಾಡಿಯನ್ನು ನಿಂತಲ್ಲಿಯೇ ಚಾಲೂ ಮಾಡಿ, ಹತ್ತು ಹದಿನೈದು ನಿಮಿಷಗಳವರೆಗೆ ಸ್ವಲ್ಪ ವೇಗವಾಗಿ ಓಡಗೊಟ್ಟು, ಟಾರ್ಚಿನ ಬೆಳಕನ್ನೂ ಒಂದು ಸಣ್ಣ ಕನ್ನಡಿಯನ್ನೂ ಹಿಡಿದು ಸಂದುಗಳನ್ನು ನೋಡಬೇಕು. ಬಿಳಿಯ ಪುಡಿಯು ಮೊದಲು ಎಲ್ಲಿ ಕಪ್ಪಾಗಿ ನೆನೆಯುವುದೋ ಅಲ್ಲಿ ಎಣ್ಣೆಯು ಹೊರಡುತ್ತಿದೆ. ಎಣ್ಣೆಗೆ ಬೆರಸಿ ನೇರಳೆಬಣ್ಣದ ವಿಶೇಷ ದೀಪದಲ್ಲಿ ನೋಡುವ ಬಣ್ಣಗಳೂ ಈಗ ಪಟ್ಟಣಗಳಲ್ಲಿ ದೊರೆಯುತ್ತವೆ, ಒಳ್ಳೆಯವೇ. ಆದರೆ ಸೀಮೆಸುಣ್ಣದ ಪುಡಿಯು ತೋರಿಸಲಾರದ ಸೋರಿಕೆಯು ಬಹಳ ಕಡಮೆ.

ಸಣ್ಣ ಸೋರಿಕೆಗಳು ಇಷ್ಟರಲ್ಲಿ ಕಾಣದಿದ್ದರೆ, ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟನ್ನು ಹಾಸಿ, ಮುಂದಿನ ಚಕ್ರಗಳು ನಿಂತ ಸ್ಥಳವನ್ನು ಅದರ ಮೇಲೆ ಗೀಚಿಟ್ಟರೆ, ಬೆಳಗ್ಗೆ ಹನಿಯು ಇಂಜಿನಿನ ಯಾವ ಭಾಗದ ಕೆಳಗೆ ಬಿದ್ದಿದೆಯೆಂಬುದು ಗೊತ್ತಾಗುವುದು. ನಿಂತಾಗ ಮಾತ್ರ ಬೀಳುವ ಹನಿಗೂ, ಓಡುವಾಗ ಮಾತ್ರ ಬೀಳುವ ಹನಿಗೂ ಕಾರಣಗಳು ಬೇರೆ. ಓಡುವಾಗ ಮಾತ್ರ ಸೋರಿದರೆ ಒತ್ತಡದಲ್ಲಿರುವ ಕೊಳವೆ, ಫಿಲ್ಟರು, ಪ್ಲಗ್ಗುಗಳನ್ನಾಗಲಿ, ಒಳಗಿನ ಗಾಳಿಯ ಒತ್ತಡವನ್ನಾಗಲಿ ಸಂಶಯಿಸತಕ್ಕದ್ದು. ನಿಂತಾಗಲೂ ಸೋರಿದರೆ ಎಣ್ಣೆಯ ಮಟ್ಟಕ್ಕಿಂತ ಕೆಳಗಿರುವ ಸಂದುಗಳನ್ನು ನೋಡಬೇಕು.

ಗಾಡಿಯ ಕೆಳಗೆ ಹೋಗುವವರು ಜ್ಯಾಕಿನ ಮೇಲೆ ಮಾತ್ರ ನಂಬಿಕೆಯಿಡದೆ, ಗಟ್ಟಿಯಾದ ಮರದ ದಿಮ್ಮಿಗಳನ್ನು ಆಧಾರವಾಗಿ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಇಂಜಿನು ಓಡುತ್ತಿರುವಾಗ ಪಂಚೆಯ ಸೆರಗು, ಹೆಗಲಿನ ವಸ್ತ್ರ ಇವು ಫ್ಯಾನಿನ ಸಮೀಪಕ್ಕೆ ಹೋಗಕೂಡದು.

ಇಂಜಿನು ಉಸಿರಾಡುತ್ತಿದೆಯೇ?

ಈ ಭಾಗವನ್ನು ವಾಚಕರು ವಿಶೇಷ ಗಮನವಿಟ್ಟು ಓದಬೇಕಾಗಿ ಕೋರಿಕೆ. ಇಂಜಿನ್ನನ್ನು ಬೋರ್ ಮಾಡಿಸಿದ ಮೇಲೆ ಒಂದೇ ಸಲಕ್ಕೆ ಹಲವು ಕಡೆಗಳಲ್ಲಿ ಎಣ್ಣೆಯು ಒಸರಲಾರಂಭಿಸಿದರೆ, ಎಲ್ಲಾ ಪ್ಯಾಕಿಂಗುಗಳೂ ಒಮ್ಮೆಲೇ ಕೆಟ್ಟುವೆಂದು ಭಾವಿಸುವುದು ಯುಕ್ತವಲ್ಲ. ಪಿಸ್ಟನ್ನುಗಳ ಪಕ್ಕದಿಂದ ಸ್ವಲ್ಪ ಅನಿಲವು ಯಾವಾಗಲೂ ಕೆಳಗಿನ ಚೇಂಬರಿಗೆ ನುಸುಳುತ್ತಿರುತ್ತದೆ. ಆ ಅನಿಲವು ಹೊರಕ್ಕೆ ಹೋಗಲು ಬ್ರೀದರ್ ಎಂಬ ಕೊಳವೆಯಿದೆ. ಅಂಬಾಸಡರಿನ ಇಂಜಿನಿನಲ್ಲಿ ಟ್ಯಾಪೆಟುಗಳ ಪಕ್ಕದ ಎರಡು ಮುಚ್ಚಳಗಳಲ್ಲಿ ಮುಂದಿನದಕ್ಕೆ ಈ ಕೊಳವೆಯು ಸೇರಿಕೊಂಡಿದೆ. ಈ ದಾರಿಯು ಮುಚ್ಚಿಹೋದರೆ ಒಳಗೆ ಒತ್ತಡವು ಬೆಳೆದು, ಎಣ್ಣೆಯನ್ನು ದುರ್ಬಲವಾದ ಪ್ರತಿಯೊಂದು ಸಂದಿನಿಂದಲೂ ಹೊರಕ್ಕೆ ನೂಕುತ್ತದೆ. ಮುಚ್ಚಳವನ್ನು ಭದ್ರವಾಗಿ ಮುಚ್ಚಿ ಅನ್ನ ಬೇಯಿಸಿದಾಗ ಗಂಜಿಯು ಅಂಚಿನಲ್ಲೆಲ್ಲಾ ಉಕ್ಕುವಂತೆಯೇ ಇದು. ಹೊಸ ಸೀಲು ಹಾಕಿದರೂ ಅದೂ ಸೋರುವುದು.

ಮರುಜೋಡಣೆಯ ಕಾಲದಲ್ಲಿ ಈ ದಾರಿಯು ಹೇಗೆ ಮುಚ್ಚಿಹೋಗುತ್ತದೆ? ಇಂಜಿನಿಗೆ ಬಣ್ಣ ಹೊಡೆಯುವಾಗ ಒಳಕ್ಕೆ ಹೋಗದಿರಲೆಂದು ಕೊಳವೆಯ ಬಾಯಿಗೆ ತುರುಕಿದ ಬಟ್ಟೆಯನ್ನು ತೆಗೆಯಲು ಮರೆಯುವುದುಂಟು. ಹಳೆಯ ಜಿಡ್ಡು ಗಟ್ಟಿಯಾಗಿ ಒಳಗಿನ ಜಾಲರಿಯು ಕಟ್ಟಿಹೋಗಿರುವುದನ್ನು ತೊಳೆಯದೆಯೇ ಜೋಡಿಸುವುದುಂಟು. ರಬ್ಬರ್ ಕೊಳವೆಯು ಮಡಚಿಕೊಂಡಿರುವುದೂ ಉಂಟು. ಪರೀಕ್ಷಿಸುವ ಕ್ರಮವು ಸುಲಭ: ಬಿಸಿಯಾದ ಇಂಜಿನು ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ತುಂಬುವ ಬಾಯಿಯ ಮುಚ್ಚಳವನ್ನು ತೆಗೆದು, ಆ ಬಾಯಿಯ ಮೇಲೆ ಒಂದು ತೆಳುವಾದ ಕಾಗದವನ್ನು ಸಡಿಲವಾಗಿ ಇಡಬೇಕು. ಕಾಗದವು ಅಲ್ಪಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಹೊಗೆಯೊಡನೆ ಬಿಡದೆ ಮೇಲಕ್ಕೆ ಹಾರಿದರೆ ಒಳಗೆ ಒತ್ತಡವಿದೆ. ಆಗ ಬ್ರೀದರನ್ನು ಕಳಚಿ, ತೊಳೆದು, ಬಾಯಿಂದ ಊದಿ ದಾರಿಯು ಸರಾಗವಾಗಿದೆಯೆಂದು ಕಂಡುಕೊಂಡು, ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಬ್ರೀದರು ಶುದ್ಧವಾಗಿದ್ದೂ ಒತ್ತಡವು ಕಡಮೆಯಾಗದಿದ್ದರೆ ರಿಂಗುಗಳು ಇನ್ನೂ ಹೊಂದಿಕೊಂಡಿಲ್ಲವೆಂದು ಅರ್ಥ. ಸಾವಿರ ಕಿಲೋಮೀಟರಿನೊಳಗೆ ಇದು ದಿನದಿನಕ್ಕೆ ತಗ್ಗುತ್ತಾ ಬರಬೇಕು. ಹೊಸ ಇಂಜಿನನ್ನು ಗಂಟೆಗಟ್ಟಲೆ ನಿಂತಲ್ಲಿಯೇ ನಿಧಾನವಾಗಿ ಓಡಿಸುತ್ತಾ "ಪಳಗಿಸುವ" ಪದ್ಧತಿಯು ಕೆಲವು ಕಡೆ ಇನ್ನೂ ಇದೆ. ಅದರಿಂದ ಸಿಲಿಂಡರಿನ ಗೋಡೆಯು ಗಾಜಿನಂತೆ ನುಣುಪಾಗಿ, ರಿಂಗುಗಳು ಎಂದಿಗೂ ಹೊಂದಿಕೊಳ್ಳದೆ ಹೋಗಬಹುದು. ಅತಿಭಾರವನ್ನೂ ಅತಿವೇಗವನ್ನೂ ಬಿಟ್ಟು, ಸಾಧಾರಣವಾದ ಭಾರದಲ್ಲಿ ವೇಗವನ್ನು ಏರಿಸುತ್ತಾ ಇಳಿಸುತ್ತಾ ರಸ್ತೆಯಲ್ಲಿ ಓಡಿಸುವುದೇ ಮೇಲು. ಸಾವಿರ ಕಿಲೋಮೀಟರ್ ಕಳೆದರೂ ಒತ್ತಡವು ತಗ್ಗದಿದ್ದಲ್ಲಿ, ಎಲ್ಲಾ ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದು ಪ್ರತಿಯೊಂದು ಸಿಲಿಂಡರಿನ ಕಂಪ್ರೆಷನ್ನನ್ನು ಅಳತೆಯಿಂದ ನೋಡಿಸಬೇಕು. ಒಂದು ಸಿಲಿಂಡರು ಮಿಕ್ಕವುಗಳಿಗಿಂತ ಬಹಳ ಕಡಮೆ ತೋರಿಸಿ, ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟಾಗ ಏರಿದರೆ, ದೋಷವು ಪ್ಯಾಕಿಂಗಿನಲ್ಲಿಲ್ಲ, ರಿಂಗಿನಲ್ಲಿದೆ.

ಅಂಬಾಸಡರಿನಲ್ಲಿ ವಿಶೇಷವಾಗಿ ನೋಡತಕ್ಕ ಸ್ಥಳಗಳು

ಮೇಲಿನ ಟ್ಯಾಪೆಟ್ ಕವರು ಎರಡೇ ನಟ್ಟುಗಳಿಂದಲೂ, ಅವುಗಳ ಕೆಳಗಿನ ರಬ್ಬರು ಬುಷ್‌ಗಳಿಂದಲೂ ನಿಂತಿದೆ. ಬುಷ್‌ಗಳು ಗಡುಸಾಗಿದ್ದರೆ ನಟ್ಟನ್ನು ಎಷ್ಟು ಬಿಗಿದರೂ ಕಾರ್ಕ್ ಪ್ಯಾಕಿಂಗಿನ ಮೇಲೆ ಭಾರವು ಸಮನಾಗಿ ಬೀಳದು. ಕವರು ಮಾತ್ರ ಸೊಟ್ಟಗಾಗುವುದು. ಬುಷ್‌ಗಳನ್ನೂ ಪ್ಯಾಕಿಂಗನ್ನೂ ಕೂಡಿಯೇ ಬದಲಾಯಿಸಬೇಕು.

ಇಂಜಿನಿನ ಎಡಗಡೆಯಲ್ಲಿ, ಹೊಗೆಕೊಳವೆಯ ಹಿಂದೆ ಅಡಗಿರುವ ಟ್ಯಾಪೆಟ್ ಪಕ್ಕದ ಮುಚ್ಚಳಗಳೇ ಈ ಇಂಜಿನಿನಲ್ಲಿ ಎಲ್ಲಕ್ಕಿಂತಲೂ ಹೆಚ್ಚು ಮೋಸಗೊಳಿಸುವ ಸ್ಥಳ. ಒಂದೊಂದು ಮುಚ್ಚಳಕ್ಕೂ ನಡುವೆ ಒಂದೇ ಬೋಲ್ಟು. ಅದನ್ನು ಬಲವಾಗಿ ಬಿಗಿದರೆ ತಗಡು ನಡುವಿನಲ್ಲಿ ತಗ್ಗಾಗಿ ಅಂಚುಗಳು ಎದ್ದುಬಿಡುತ್ತವೆ. ಅಲ್ಲಿಂದ ಹೊರಟ ಎಣ್ಣೆಯು ಕಣ್ಣಿಗೆ ಬೀಳದೆ ಇಂಜಿನಿನ ಗೋಡೆಯ ಮೇಲೆಯೇ ಇಳಿದು ಹಿಂದಕ್ಕೆ ಹರಿಯುತ್ತದೆ. ಕನ್ನಡಿಯಿಲ್ಲದೆ ಇದನ್ನು ಕಾಣುವುದು ಕಷ್ಟ. ಹಿಂದಿನ ಸೀಲಿನ ದೋಷವೆಂದು ತೀರ್ಮಾನಿಸುವುದಕ್ಕೆ ಮುಂಚೆ ಈ ಎರಡು ಮುಚ್ಚಳಗಳನ್ನು ಒಣಗಿಸಿ, ಪುಡಿ ಉದುರಿಸಿ ಪರೀಕ್ಷಿಸದ ಮೇಸ್ತ್ರಿಯ ಮಾತನ್ನು ಒಪ್ಪಬೇಕಾದುದಿಲ್ಲವೆಂದು ನಮ್ಮ ಅಭಿಪ್ರಾಯ. ಬಾಗಿದ ಮುಚ್ಚಳವನ್ನು ಸಮನಾದ ಕಬ್ಬಿಣದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಸರಿಪಡಿಸಬಹುದು. ಬೋಲ್ಟಿನ ಕೆಳಗಿನ ವಾಷರನ್ನು ಹೊಸದಾಗಿ ಹಾಕಬೇಕು.

ಮುಂಭಾಗದಲ್ಲಿ ಟೈಮಿಂಗ್ ಕವರಿನ ಸೀಲು ಇದೆ. ಅದರ ಒಳಗೆ ಕ್ರ್ಯಾಂಕ್ ಶಾಫ್ಟಿನ ಮೇಲೆ ಎಣ್ಣೆಯನ್ನು ಎರಚಿಬಿಡುವ ಒಂದು ತಟ್ಟೆಯಿರುತ್ತದೆ. ಅದರ ತಗ್ಗಾದ ಮುಖವು ಹೊರಕ್ಕಿರಬೇಕು. ಇಂಗ್ಲಿಷಿನ ಎಫ್ ಅಕ್ಷರವು ಇದ್ದಲ್ಲಿ ಆ ಮುಖವು ಹೊರಕ್ಕೆ. ತಿರುಗಮುರುಗಾಗಿ ಕೂರಿಸಿದ್ದರೆ ಸೀಲು ಹೊಸದಾದರೂ ಪ್ರಯೋಜನವಿಲ್ಲ. ಕವರಿನ ಬೋಲ್ಟುಗಳನ್ನು ಮೊದಲೇ ಬಿಗಿದು ಆಮೇಲೆ ಪುಲ್ಲಿಯನ್ನು ತೂರಿಸುವುದು ತಪ್ಪು. ಸೀಲಿಗೆ ಎಣ್ಣೆ ಸವರಿ, ಪುಲ್ಲಿಯನ್ನು ಅದರೊಳಗೆ ಕೂರಿಸಿ, ಸೀಲು ಸುತ್ತಲೂ ಸಮನಾಗಿ ನಿಂತ ಮೇಲೆ ಬೋಲ್ಟುಗಳನ್ನು ಬಿಗಿಯಬೇಕು. ಒಣಸೀಲು ಮೊದಲ ನಿಮಿಷದಲ್ಲಿಯೇ ಸುಟ್ಟುಹೋಗಬಹುದು. ಪುಲ್ಲಿಯ ಕತ್ತಿನಲ್ಲಿ ಹಳೆಯ ಸೀಲು ಕೊರೆದ ಗಾಡಿಯು ಉಗುರಿಗೆ ಸಿಕ್ಕುವಷ್ಟಿದ್ದರೆ, ಅದರ ಮೇಲೆ ತೆಳುವಾದ ಉಕ್ಕಿನ ತೋಳನ್ನು ತೊಡಿಸುವುದು, ಇಲ್ಲವೇ ಲೇತಿನ ಅಂಗಡಿಯಲ್ಲಿ ಸರಿಮಾಡಿಸುವುದು ಅಗತ್ಯ.

ಎಣ್ಣೆಯ ಫಿಲ್ಟರಿನ ಬಟ್ಟಲನ್ನು ಕೂರಿಸುವಾಗ ಹಳೆಯ ರಬ್ಬರು ಬಳೆಯು ಗಾಡಿಯಲ್ಲಿಯೇ ಉಳಿದು, ಅದರ ಮೇಲೆ ಹೊಸದನ್ನು ಹಾಕಿದರೆ ಸೋರಿಕೆಯು ನಿಶ್ಚಯ. ಅದು ಒತ್ತಡದ ಸೋರಿಕೆಯಾದುದರಿಂದ ಕೆಲವೇ ನಿಮಿಷಗಳಲ್ಲಿ ಚೇಂಬರು ಬರಿದಾಗಲೂಬಹುದು. ಫಿಲ್ಟರಿಗೆ ಹೋಗುವ ಹೊರಕೊಳವೆಯ ಕೂಡುಗಳಲ್ಲಿರುವ ತಾಮ್ರದ ವಾಷರುಗಳು ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತವೆ. ಹೊಸವು ಸಿಕ್ಕದಿದ್ದರೆ, ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೃದುವಾಗುವುವು. ಕಬ್ಬಿಣಕ್ಕೂ ತಾಮ್ರಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ಕಮ್ಮಾರರು ಚೆನ್ನಾಗಿ ಬಲ್ಲರು.

ಪೆಟ್ರೋಲ್ ಪಂಪಿನ ಬುಡ, ಎಣ್ಣೆಯ ಒತ್ತಡದ ಸ್ವಿಚ್ಚು, ತಳದ ಡ್ರೈನ್ ಬೋಲ್ಟಿನ ವಾಷರು ಇವುಗಳನ್ನೂ ಒಂದು ಸಲ ಒರಸಿ ನೋಡಿದರೆ ಸಾಕು.

ಹಿಂಭಾಗದ ಸೋರಿಕೆ

ಈಗ ಆ ಪ್ರಸಿದ್ಧವಾದ ಹಿಂದಿನ ಸೀಲಿನ ವಿಚಾರ. ಅಂಬಾಸಡರಿನ ೧೪೮೯ ಸಿ.ಸಿ. ಪೆಟ್ರೋಲ್ ಇಂಜಿನಿನಲ್ಲಿ ಕ್ರ್ಯಾಂಕ್ ಶಾಫ್ಟಿಗೆ ಮೂರು ಮುಖ್ಯ ಬೇರಿಂಗುಗಳು. ಹಿಂದಿನ ತುದಿಯಲ್ಲಿ ರಬ್ಬರಿನ ಸೀಲೇ ಇಲ್ಲ! ಅದರ ಬದಲು ಶಾಫ್ಟಿನ ಮೇಲೆ ಸ್ಕ್ರೂವಿನಂತೆ ಸುರುಳಿಯಾದ ಗಾಡಿಯನ್ನು ಕೊರೆದಿದ್ದಾರೆ. ಶಾಫ್ಟು ತಿರುಗುವಾಗ ಈ ಸುರುಳಿಯು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಮರಳಿದ ಎಣ್ಣೆಯು ಬೇರಿಂಗಿನ ಟೋಪಿಯಲ್ಲಿರುವ ರಂಧ್ರದ ಮೂಲಕ ಚೇಂಬರಿಗೆ ಇಳಿಯುತ್ತದೆ. ಇಲ್ಲದ ಸೀಲನ್ನು ಬದಲಾಯಿಸಲು ಹಣ ಕೇಳುವವರಿದ್ದರೆ ಯಜಮಾನರು ಎಚ್ಚರಗೊಳ್ಳತಕ್ಕದ್ದು.

ಈ ಏರ್ಪಾಡಿನಿಂದ ತಿಳಿಯತಕ್ಕದ್ದೇನೆಂದರೆ, ಶಾಫ್ಟು ನಿಂತಾಗ ಸುರುಳಿಯೂ ಕೆಲಸ ನಿಲ್ಲಿಸುವುದು. ಗಾಡಿಯನ್ನು ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದರೆ ಎರಡು ಮೂರು ಹನಿಗಳು ಬೀಳುವುದು ಇದರ ಜಾತಿಗುಣ; ಅದಕ್ಕೆ ಔಷಧವನ್ನು ಹುಡುಕಬೇಕಾದುದಿಲ್ಲ. ಓಡುವಾಗಲೂ ಧಾರೆಯಾಗಿ ಸೋರಿದರೆ ಮಾತ್ರ ದೋಷವುಂಟು. ಆ ದೋಷಕ್ಕೆ ಕಾರಣಗಳು ಕೆಲವೇ: ಬ್ರೀದರು ಕಟ್ಟಿಹೋಗಿ ಒಳಗಿನ ಒತ್ತಡವು ಸುರುಳಿಯ ಶಕ್ತಿಯನ್ನು ಮೀರಿರುವುದು, ಮುಖ್ಯ ಬೇರಿಂಗು ಸವೆದು ಅಥವಾ ಸಡಿಲವಾಗಿ ಶಾಫ್ಟು ನಡುವಿಗೆ ಸರಿಯಾಗಿ ನಿಲ್ಲದಿರುವುದು, ಟೋಪಿಯ ರಂಧ್ರವು ಹೆಚ್ಚಾಗಿ ಬಳಿದ ಅಂಟಿನಿಂದ ಮುಚ್ಚಿಹೋಗಿರುವುದು, ಟೋಪಿಯು ಬ್ಲಾಕಿನೊಡನೆ ಕೂಡುವ ಮುಖಕ್ಕೆ ತೆಳುವಾಗಿ ಅಂಟನ್ನು ಸವರದಿರುವುದು. ಚೇಂಬರು ಕೂರುವಲ್ಲಿ ಮುಂದಿನ ಮತ್ತು ಹಿಂದಿನ ಟೋಪಿಗಳ ಗಾಡಿಗಳಲ್ಲಿ ಇಡುವ ಕಾರ್ಕಿನ ತುಂಡುಗಳು ಮೋಟಾಗಿದ್ದರೂ ಮೂಲೆಗಳಲ್ಲಿ ಎಣ್ಣೆಯು ಒಸರುವುದು. ಅವುಗಳ ತುದಿಗಳು ಅಂಚಿಗಿಂತ ಸ್ವಲ್ಪ ಎದ್ದಿರಬೇಕು. ಚೇಂಬರನ್ನು ಬಿಗಿದಾಗ ಒತ್ತಿಕೊಂಡು ಸಂದನ್ನು ತುಂಬುವುವು. ಈ ಕಡೆಯ ದೋಷವನ್ನು ಇಂಜಿನನ್ನು ಬಿಚ್ಚಿ ಚೂರುಮಾಡದೆ, ಚೇಂಬರನ್ನು ಇಳಿಸಿದ ಮಾತ್ರಕ್ಕೇ ಸರಿಪಡಿಸಬಹುದು.

ಗೇರ್ ಪೆಟ್ಟಿಗೆಯ ಮುಂಗವಚದ ತಳದಲ್ಲಿ ಒಂದು ಸಣ್ಣ ರಂಧ್ರವನ್ನು ಬೇಕೆಂದೇ ಬಿಟ್ಟಿದ್ದಾರೆ. ಅದರಿಂದ ಬೀಳುವ ಎಣ್ಣೆಯು ಕವಚದ ಒಳಗಿನಿಂದ ಬಂದದ್ದೆಂದು ನಂಬಬಹುದು, ಹೊರಗಿನಿಂದ ಹರಿದು ಬಂದದ್ದಲ್ಲವೆಂಬುದನ್ನು ಒರಸಿ ನೋಡಿ ಖಚಿತಪಡಿಸಿಕೊಂಡಿದ್ದರೆ. ಒಳಗಿನಿಂದಾದರೂ ಅದು ಗೇರ್ ಪೆಟ್ಟಿಗೆಯದಾಗಿರಬಹುದು. ಬೇರೆ ಕೆಲವು ಇಂಜಿನುಗಳಲ್ಲಿ ಫ್ಲೈವೀಲಿನ ಹಿಂದೆ ಎಣ್ಣೆಯ ನಾಳಗಳ ಪ್ಲಗ್ಗುಗಳೂ, ಕ್ಯಾಮ್ ಶಾಫ್ಟಿನ ಹಿಂತುದಿಯ ಮುಚ್ಚಳವೂ ಇರುತ್ತವೆ. ಬೋರಿಂಗಿನ ಕಾಲದಲ್ಲಿ ನಾಳಗಳನ್ನು ತೊಳೆಯಲು ಇವನ್ನು ತೆಗೆದು, ಮರಳಿ ಹಾಕುವಾಗ ಸಡಿಲವಾಗಿ ಬಿಟ್ಟರೆ ಹೊಸ ಸೀಲಿನಿಂದಲೂ ಉಪಯೋಗವಿಲ್ಲ. ಇಂಜಿನನ್ನು ಇಳಿಸುವುದೇ ಆದರೆ ಇವನ್ನೆಲ್ಲಾ ಒಂದೇ ಸಲ ನೋಡಿಬಿಡತಕ್ಕದ್ದು.

ಟ್ರಾಕ್ಟರುಳ್ಳವರಿಗೆ ಒಂದು ಮಾತು. ಹಳೆಯ ಮ್ಯಾಸ್ಸಿ ಫರ್ಗುಸನ್ ಟ್ರಾಕ್ಟರುಗಳ ಪರ್ಕಿನ್ಸ್ ಮಾದರಿಯ ಮೂರು ಸಿಲಿಂಡರಿನ ಇಂಜಿನುಗಳಲ್ಲಿ ಹಿಂದಿನ ಸೀಲು ರಬ್ಬರಿನದಾಗಿರದೆ ಹೆಣೆದ ಹಗ್ಗದಂತಿರುವುದುಂಟು. ಅದನ್ನು ಗಾಡಿಯಲ್ಲಿ ಬೆರಳಿನಿಂದ ತುರುಕಿದರೆ ಸಾಲದು. ದುಂಡಾದ ನುಣುಪು ಸಲಾಕೆಯನ್ನು ಉರುಳಿಸಿ ಒತ್ತಿ ಕೂರಿಸಿ, ತುದಿಗಳನ್ನು ಕೂದಲೆಳೆಯಷ್ಟು ಎತ್ತರ ಬಿಟ್ಟು ಕತ್ತರಿಸಿ, ಎಣ್ಣೆ ಸವರಿ ಜೋಡಿಸಬೇಕು. ಹಳೆಯ ಹಗ್ಗದ ಸೀಲುಗಳಲ್ಲಿಯೂ ಹಳೆಯ ಪ್ಯಾಕಿಂಗುಗಳಲ್ಲಿಯೂ ಕಲ್ನಾರು ಇರಬಹುದಾದುದರಿಂದ, ಅವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಕೂಡದು, ನೆನೆಸಿ ಕೆರೆಯಬೇಕು. ಆ ಧೂಳು ಶ್ವಾಸಕೋಶಗಳಿಗೆ ಮಾರಕ.

ಪ್ಯಾಕಿಂಗು ಹಾಕುವ ರೀತಿ

ಮರುಜೋಡಣೆಯ ನಂತರದ ಸೋರಿಕೆಗಳಲ್ಲಿ ಹಲವಕ್ಕೆ ಮೂಲವು ಸಾಮಾನಿನ ದೋಷವಲ್ಲ, ಕೈಯ ಅವಸರ. ಹಳೆಯ ಪ್ಯಾಕಿಂಗನ್ನು ತಿರುಗುವ ಸಾಣೆಯಿಂದ ಉಜ್ಜಿದರೆ ಅಲ್ಯೂಮಿನಿಯಂ ಮುಖದಲ್ಲಿ ತಗ್ಗುಗಳು ಬೀಳುತ್ತವೆ. ಮೊಂಡು ಬ್ಲೇಡಿನಿಂದ ಕೆರೆದು ಒರಸುವುದೇ ಸರಿ. ಚೇಂಬರಿನ ಅಂಚಿನಲ್ಲಿ ಬೋಲ್ಟಿನ ರಂಧ್ರಗಳ ಸುತ್ತ ತಗಡು ಉಬ್ಬಿದ್ದರೆ ಹಲಗೆಯ ಮೇಲಿಟ್ಟು ತಟ್ಟಿ ಸಮಮಾಡಬೇಕು. ಬಹುಕಾಲ ಅಂಗಡಿಯಲ್ಲಿದ್ದು ಒಣಗಿ ಕುಗ್ಗಿದ ಕಾರ್ಕನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ರಂಧ್ರಗಳು ಮರಳಿ ಕೂಡಿಕೊಳ್ಳುವುವು. ಬೋಲ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯದೆ, ನಡುವಿನಿಂದ ಹೊರಕ್ಕೆ ಎದುರುಬದುರಾಗಿ, ಎರಡು ಮೂರು ಸುತ್ತುಗಳಲ್ಲಿ ಬಿಗಿಯತಕ್ಕದ್ದು. ಕಾರ್ಕು ಅಂಚಿನಿಂದ ಹೊರಕ್ಕೆ ಉಬ್ಬಿ ಬಂದರೆ ಹೆಚ್ಚಾಯಿತೆಂದು ತಿಳಿಯಬೇಕು. ಹಾಗೆ ಜಜ್ಜಿದ ಪ್ಯಾಕಿಂಗು ಬಿಗಿದಷ್ಟೂ ಹೆಚ್ಚು ಸೋರುವುದು.

ಟ್ಯೂಬಿನ ಸಿಲಿಕೋನ್ ಅಂಟನ್ನು ಈಗಿನ ಮೇಸ್ತ್ರಿಗಳು ಬೆಣ್ಣೆಯಂತೆ ಬಳಿಯುತ್ತಾರೆ. ಹೊರಗೆ ಕಾಣುವಷ್ಟೇ ಒಳಗೂ ಉಬ್ಬಿಕೊಂಡಿರುವುದೆಂಬುದನ್ನು ಅವರು ಯೋಚಿಸುವುದಿಲ್ಲ. ಒಳಗಿನ ತುಣುಕುಗಳು ಕಿತ್ತುಬಂದು ಎಣ್ಣೆಯ ಪಂಪಿನ ಜಾಲರಿಯನ್ನು ಮುಚ್ಚಿದರೆ, ಸೋರಿಕೆಯಿಂದಾಗುವುದಕ್ಕಿಂತಲೂ ಬೇಗ ಇಂಜಿನು ಹಾಳಾಗುವುದು. ಇದಲ್ಲದೆ ಕಾರ್ಕಿನ ಎರಡೂ ಮುಖಗಳಿಗೆ ಇದನ್ನು ಬಳಿದರೆ, ಬಿಗಿಯುವಾಗ ಕಾರ್ಕು ಜಾರಿ ಹೊರಬರುತ್ತದೆ. ಅಂಟು ಬೇಕಾದ ಸ್ಥಳಗಳಲ್ಲಿ ತೆಳುವಾದ ಒಂದು ಗೆರೆ ಸಾಕು. ಅದು ಒಣಗಲು ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಬಿಡದೆ ಎಣ್ಣೆ ಹಾಕಬಾರದು.

ಸೋರಿಕೆಯನ್ನು ನಿಲ್ಲಿಸುವವೆಂದು ಡಬ್ಬಿಗಳಲ್ಲಿ ಮಾರುವ ದ್ರವಗಳು ಹಳೆಯ ರಬ್ಬರನ್ನು ಸ್ವಲ್ಪ ಉಬ್ಬಿಸುವುದುಂಟು. ಹೊಸದಾಗಿ ಜೋಡಿಸಿದ ಇಂಜಿನಿನಲ್ಲಿ, ಅದರಲ್ಲಿಯೂ ರಬ್ಬರು ಸೀಲೇ ಇಲ್ಲದ ಹಿಂಭಾಗಕ್ಕೆ, ಇವುಗಳಿಂದ ಏನೂ ಆಗದು. ಮಂದವಾದ ಎಣ್ಣೆಯನ್ನು ಹಾಕಿ ಸೋರಿಕೆಯನ್ನು ಮರೆಸುವುದೂ ಹಾಗೆಯೇ.

ಮೇಸ್ತ್ರಿಯೊಡನೆ ವ್ಯವಹಾರ

ಇಂಜಿನನ್ನು ಕೆಲಸಕ್ಕೆ ಬಿಡುವಾಗಲೇ, ಯಾವ ಯಾವ ಸೀಲು ಪ್ಯಾಕಿಂಗುಗಳನ್ನು ಹೊಸದಾಗಿ ಹಾಕಲಾಗುವುದು, ಎಷ್ಟು ಕಿಲೋಮೀಟರಿನೊಳಗೆ ಸೋರಿದರೆ ಕೂಲಿಯಿಲ್ಲದೆ ಸರಿಪಡಿಸಲಾಗುವುದು ಎಂಬುದನ್ನು ಚೀಟಿಯಲ್ಲಿ ಬರೆಯಿಸಿಕೊಂಡು, ತೆಗೆದ ಹಳೆಯ ಸಾಮಾನುಗಳನ್ನು ಕೇಳಿ ಪಡೆಯುವುದು ಒಳ್ಳೆಯದು. ಸೋರಿಕೆಯು ಕಂಡಮೇಲೆ ಇಂಜಿನನ್ನು ಮತ್ತೆ ಇಳಿಸಬೇಕೆಂದು ಹೇಳಿದಲ್ಲಿ, ತೊಳೆದು ಪುಡಿ ಉದುರಿಸಿ ನೋಡಿದಿರಾ, ಬ್ರೀದರನ್ನು ಪರೀಕ್ಷಿಸಿದಿರಾ, ಗೇರ್ ಪೆಟ್ಟಿಗೆಯ ಮಟ್ಟವನ್ನು 	ನೋಡಿದಿರಾ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಅನುಮತಿಯನ್ನು ಕೊಡದಿರುವುದು ಯಜಮಾನರ ಹಕ್ಕು. ನುರಿತ ಮೇಸ್ತ್ರಿಯು ಇದರಿಂದ ಬೇಸರಪಡುವುದಿಲ್ಲ. ಅವನು ಆಗಲೇ ಇವನ್ನು ಮಾಡಿರುತ್ತಾನೆ. ಅಷ್ಟರವರೆಗೆ ಪ್ರತಿದಿನವೂ ಬೆಳಗ್ಗೆ ಗಾಡಿಯನ್ನು ಚಾಲೂ ಮಾಡುವುದಕ್ಕೆ ಮುಂಚೆ ಕಡ್ಡಿಯನ್ನು ನೋಡಿ, ಕಡಮೆಯಾದಷ್ಟನ್ನು ಹಾಕಿ, ಹಾಕಿದ್ದನ್ನು ತಾರೀಕು ಸಹಿತ ಬರೆದಿಡಬೇಕು. ಸೋರಿಕೆಯು ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂಬುದು ಆ ಲೆಕ್ಕದಿಂದಲೇ ತಿಳಿಯುವುದು.

ಸರಿಪಡಿಸಿದ ಇಂಜಿನು ಒಂದು ಸಲ ಚೆನ್ನಾಗಿ ಬಿಸಿಯಾಗಿ ಆರಿದ ಮೇಲೆ ಟ್ಯಾಪೆಟ್ ಕವರು ಮತ್ತು ಚೇಂಬರಿನ ಬೋಲ್ಟುಗಳನ್ನು ಹಗುರವಾಗಿ ಒಮ್ಮೆ ನೋಡಿಕೊಳ್ಳಬೇಕು. ಸುಮಾರು ೫೦೦ ಕಿಲೋಮೀಟರಿಗೆ ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸತಕ್ಕದ್ದು. ಹಾಗೆ ತೆಗೆದ ಎಣ್ಣೆಯನ್ನು ಹಳ್ಳಕ್ಕಾಗಲಿ, ಬೇಲಿಯ ಬುಡಕ್ಕಾಗಲಿ ಚೆಲ್ಲದೆ, ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ೨೦೧೬ ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಪ್ರಕಾರ ಅಧಿಕಾರ ಪಡೆದ ಶುದ್ಧೀಕರಣದವರಿಗೆ ತಲಪುವಂತೆ, ಅಂಥವರಿಗೆ ಒಪ್ಪಿಸುವ ವರ್ಕ್‌ಷಾಪಿಗೆ ಕೊಡಬೇಕು.